ಹದಿನಾರರ ಹುಡುಗಿ ಮತ್ತು ಮುಚ್ಚಳ ಬಿಚ್ಚಿದ ಟ್ಯೂಬ್: ಬೆಂಗಳೂರಿನ ಒಂದು ಲ್ಯಾಬ್ ಪ್ರಕರಣ

ಘಟನೆ ನೋಡೋಕೆ ಚಿಕ್ಕದು. ಒಂದು ಮಿಲಿಲೀಟರ್‌ಗಿಂತ ಸ್ವಲ್ಪ ಜಾಸ್ತಿ ದ್ರವ ಚೆಲ್ಲಿತು. ಹದಿನಾರು ವರ್ಷದ ಹುಡುಗಿಯೊಬ್ಬಳ ಮಣಿಕಟ್ಟು ಸುಟ್ಟಿತು. ಗಾಯ ವಾಸಿಯಾಗಿದೆ, ಕಂದು ಕಲೆ ಉಳಿದಿದೆ. ಪೇಪರ್‌ನಲ್ಲಿ ಬರುವಂಥ ಸುದ್ದಿ ಇದಲ್ಲ. ಆದರೂ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಯಾಕಂದರೆ ಈ ಗಾಯಕ್ಕೆ ದಾರಿ ಮಾಡಿಕೊಟ್ಟ ಸಂಗತಿಗಳು ತೀರಾ ಸಾಮಾನ್ಯ. ಬೇಸಿಗೆ ರಜೆಯಲ್ಲಿ ಪಿಯುಸಿ ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳುವ ಯಾವ ಲ್ಯಾಬ್‌ನಲ್ಲಾದರೂ ಇವು ಸಿಗಬಹುದು.

ನಾನು ಅದೇ ವಿಶ್ವವಿದ್ಯಾಲಯದ ಬೇರೆ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಘಟನೆಯ ಬಗ್ಗೆ ವಿಚಾರಿಸಲು ಮಾಡಿದ ಸಮಿತಿಯಲ್ಲಿ ಇದ್ದೆ. ಸಂಸ್ಥೆಯ ಹೆಸರಾಗಲಿ, ಯಾರದೇ ಹೆಸರಾಗಲಿ ಇಲ್ಲಿ ಹೇಳುವುದಿಲ್ಲ. ಹುಡುಗಿ, ಅವಳ ತಾಯಿ, ಮತ್ತು ಅವಳಿಗೆ ಕೆಲಸ ಕಲಿಸುತ್ತಿದ್ದ ಪಿಎಚ್‌ಡಿ ವಿದ್ಯಾರ್ಥಿನಿ, ಮೂವರೂ ಬರೆಯಿರಿ ಅಂತ ಒಪ್ಪಿದ್ದಾರೆ.

ಅವಳು ಲ್ಯಾಬ್‌ಗೆ ಬಂದ ಬಗೆ

ಹುಡುಗಿ ಫಸ್ಟ್ ಪಿಯುಸಿ ಮುಗಿಸಿದ್ದಳು. ಮನೆಯವರು ಮಾಗಡಿ ಕಡೆಯವರು, ತಾತನಿಗೆ ಈಗಲೂ ರಾಗಿ ಹೊಲ ಇದೆ. ಮಳೆ ಕೈಕೊಟ್ಟ ವರ್ಷವೂ ಕೆಲವು ರಾಗಿ ಗಿಡ ಯಾಕೆ ನಿಂತುಕೊಳ್ಳುತ್ತವೆ ಅನ್ನುವುದು ಅವಳ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಅವಳ ಪಕ್ಕದ ಮನೆಯವರಿಗೆ ನಮ್ಮ ಪ್ರೊಫೆಸರ್ ಒಬ್ಬರು ಪರಿಚಯ. ಅವರ ಲ್ಯಾಬ್‌ನಲ್ಲಿ ಜಿಪಿಯು-28 ಮತ್ತು ಬೇರೆ ತಳಿಯ ರಾಗಿ ಸಸಿಗಳಿಗೆ ನೀರು ಕಡಿಮೆ ಕೊಟ್ಟು, ಎಲೆಯಲ್ಲಿ ಯಾವ ಜೀನ್‌ಗಳು ಚುರುಕಾಗುತ್ತವೆ ಅಂತ ನೋಡುವ ಕೆಲಸ ನಡೆದಿತ್ತು. "ಕಳಿಸಿ, ಕಲಿತುಕೊಳ್ಳಲಿ" ಅಂದರು ಪ್ರೊಫೆಸರ್. ಅಷ್ಟೇ.

ಅರ್ಜಿ ಇರಲಿಲ್ಲ. ವಿಭಾಗದ ಕಚೇರಿಗೆ ಗೊತ್ತಿರಲಿಲ್ಲ. ಗೇಟಿನ ಪುಸ್ತಕದಲ್ಲಿ ಅವಳು ದಿನಾ 'ವಿಸಿಟರ್' ಅಂತ ಸಹಿ ಹಾಕಿ ಒಳಗೆ ಬರುತ್ತಿದ್ದಳು. ಲ್ಯಾಬ್‌ನವರು ಒಂದೇ ಒಂದು ಕಾಗದಕ್ಕೆ ತಾಯಿಯ ಸಹಿ ತೆಗೆದುಕೊಂಡಿದ್ದರು. ಇಂಗ್ಲಿಷ್‌ನಲ್ಲಿದ್ದ ಆ ಕಾಗದದಲ್ಲಿ, ಏನಾದರೂ ಆದರೆ ಸಂಸ್ಥೆ ಹೊಣೆ ಅಲ್ಲ ಅಂತ ಬರೆದಿತ್ತು. ತಾಯಿ ಕನ್ನಡ ಮಾಧ್ಯಮದಲ್ಲಿ ಓದಿದವರು. "ಫೀಸಿನ ಕಾಗದ ಇರಬೇಕು ಅಂದ್ಕೊಂಡೆ ಸಾರ್" ಅಂದರು ನಮ್ಮ ಮುಂದೆ.

ಆ ಕಾಗದ ಓದಿದಾಗ ನನಗೆ ನಿಜವಾಗಿ ಬೇಜಾರಾಯಿತು. 1872ರ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆಯೇ ಇಲ್ಲ. ಅದಕ್ಕೇ ತಾಯಿಯ ಕೈಯಲ್ಲಿ ಬರೆಸಿಕೊಂಡಿದ್ದು. ಒಂದು ಮಗುವನ್ನು ಒಳಗೆ ಬಿಟ್ಟುಕೊಳ್ಳುವಾಗ ಸಂಸ್ಥೆ ಮಾಡಿದ ಒಂದೇ ಕೆಲಸ ತನ್ನನ್ನು ಕಾಪಾಡಿಕೊಂಡದ್ದು. ಆ ಕೋಣೆಯಲ್ಲಿ ಏನಿದೆ, ಮಗಳು ಏನು ಮುಟ್ಟುತ್ತಾಳೆ, ಯಾರು ಜೊತೆಗಿರುತ್ತಾರೆ ಅನ್ನುವುದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಆ ಮಧ್ಯಾಹ್ನ

ಎಲೆಯಿಂದ ಆರ್‌ಎನ್‌ಎ ತೆಗೆಯುವ ದಿನ ಅದು. ಯಾವ ಜೀನ್ ಚುರುಕಾಗಿದೆ ಅಂತ ಗೊತ್ತಾಗುವುದು ಈ ಅಣುವಿನಿಂದಲೇ. ಎಲೆಯನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಒರಳಲ್ಲಿ ಪುಡಿ ಮಾಡಿ, ಚಿಕ್ಕ ಪ್ಲಾಸ್ಟಿಕ್ ಟ್ಯೂಬ್‌ಗೆ ಹಾಕುತ್ತಾರೆ. ಅದರ ಮೇಲೆ ಒಂದು ಮಿಲಿಲೀಟರ್ ಟ್ರೈಜಾಲ್. ಗುಲಾಬಿ ಬಣ್ಣದ ಈ ದ್ರವದಲ್ಲಿ ಫೀನಾಲ್ ಮತ್ತು ಗ್ವಾನಿಡಿನ್ ಥಯೋಸಯನೇಟ್ ಇರುತ್ತವೆ. ಆಮೇಲೆ 0.2 ಮಿಲಿಲೀಟರ್ ಕ್ಲೋರೋಫಾರ್ಮ್ ಸೇರಿಸಿ, ಮುಚ್ಚಳ ಹಾಕಿ, ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಬೇಕು. ಆಮೇಲೆ ಸೆಂಟ್ರಿಫ್ಯೂಜ್‌ಗೆ, ಅಂದರೆ ಜೋರಾಗಿ ತಿರುಗಿಸಿ ಪದರಗಳನ್ನು ಬೇರೆ ಮಾಡುವ ಯಂತ್ರಕ್ಕೆ. ಜೀವಶಾಸ್ತ್ರದ ಲ್ಯಾಬ್‌ಗಳಲ್ಲಿ ಇದು ದಿನನಿತ್ಯದ ಕೆಲಸ. ದಿನನಿತ್ಯದ್ದು ಅನ್ನುವ ಕಾರಣಕ್ಕೇ ಯಾರಿಗೂ ಇದು ಅಪಾಯ ಅಂತ ಅನ್ನಿಸುವುದಿಲ್ಲ.

ಮೊದಲ ಅರ್ಧದಷ್ಟು ಟ್ಯೂಬ್‌ಗಳನ್ನು ಪಿಎಚ್‌ಡಿ ವಿದ್ಯಾರ್ಥಿನಿ, ಹುಡುಗಿಯ ಪಾಲಿಗೆ 'ಅಕ್ಕ', ಪಕ್ಕದಲ್ಲೇ ನಿಂತು ಮಾಡಿಸಿದಳು. ಎರಡು ಗಂಟೆಗೆ ಹಾಸ್ಟೆಲ್ ಮೆಸ್ ಮುಚ್ಚುತ್ತದೆ. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ. "ಉಳಿದದ್ದನ್ನ ನೀನೇ ಮುಗಿಸಿರು ಕಣೆ, ಓಡಿ ಹೋಗಿ ಬಂದುಬಿಡ್ತೀನಿ" ಅಂತ ಹೊರಟಳು. ಹುಡುಗಿ "ಹ್ಞೂ ಅಕ್ಕ" ಅಂದಳು.

ಒಂದು ಟ್ಯೂಬ್‌ನ ಮುಚ್ಚಳ ಪೂರ್ತಿ ಕೂತಿರಲಿಲ್ಲ. ಅಲ್ಲಾಡಿಸುವಾಗ ಬಿಚ್ಚಿಕೊಂಡಿತು. ದ್ರವ ಬಲಗೈ ಮಣಿಕಟ್ಟಿಗೆ ಹಾರಿತು, ಲೆಗ್ಗಿಂಗ್ಸ್ ಮೇಲೂ ಸ್ವಲ್ಪ ಬಿತ್ತು. ಇನ್ನೊಂದು ವಿಷಯವನ್ನು ಅವಳು ನಮಗೆ ಹೇಳಿದ್ದು ವಿಚಾರಣೆಯ ಕೊನೆಯಲ್ಲಿ, ಎದ್ದು ಹೋಗುವ ಹೊತ್ತಿಗೆ. ಕನ್ನಡಕದ ಗಾಜಿನ ಮೇಲೂ ಒಂದು ಹನಿ ಇತ್ತಂತೆ. ರಕ್ಷಣಾ ಕನ್ನಡಕ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಓದುವ ಕನ್ನಡಕ ಇರುವುದರಿಂದ ಬೇಕಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಪಕ್ಕದಿಂದ ಹಾರುವ ಹನಿಯನ್ನು ಓದುವ ಕನ್ನಡಕ ತಡೆಯುವುದಿಲ್ಲ.

ಕೈಗೆ ಗ್ಲೌಸ್ ಇತ್ತು, ಮೈಮೇಲೆ ಕೋಟ್ ಇತ್ತು. ಹಾಗಿದ್ದರೂ ಮಣಿಕಟ್ಟು ಸುಟ್ಟದ್ದು ಹೇಗೆ? ಲ್ಯಾಬ್‌ನಲ್ಲಿದ್ದ ಕೋಟ್‌ಗಳೆಲ್ಲ ದೊಡ್ಡವರ ಅಳತೆಯವು. ತೋಳು ಉದ್ದವಾಗಿ ಬೆರಳಿಗೆ ಅಡ್ಡ ಬರುತ್ತಿತ್ತು ಅಂತ ಅವಳು ಎರಡು ಮಡಿಕೆ ಮೇಲಕ್ಕೆ ಮಡಚಿದ್ದಳು. ಗ್ಲೌಸ್ ಮೀಡಿಯಂ ಸೈಜ್. ಬೆರಳ ತುದಿ ಸಡಿಲ ಇದ್ದುದರಿಂದ ಮುಚ್ಚಳ ಒತ್ತಿದ್ದು ಸರಿಯಾಗಿ ಕೂತಿತೋ ಇಲ್ಲವೋ ಗೊತ್ತಾಗಿರಲಿಲ್ಲ. ಅಲ್ಲದೆ ತೆಳು ನೈಟ್ರೈಲ್ ಗ್ಲೌಸ್ ಕ್ಲೋರೋಫಾರ್ಮ್ ಅನ್ನು ಹೆಚ್ಚು ಹೊತ್ತು ತಡೆಯುವುದೇ ಇಲ್ಲ. ಫ್ಯೂಮ್ ಹುಡ್ ಒಳಗೆ, ಅಂದರೆ ಆವಿಯನ್ನು ಹೊರಗೆ ಎಳೆದುಕೊಳ್ಳುವ ಗೂಡಿನೊಳಗೆ ಮಾಡಬೇಕಾದ ಕೆಲಸ ಇದು. ಹುಡ್ ತುಂಬ ಹಳೆಯ ಬಾಟಲಿಗಳಿದ್ದವು, ಅದಕ್ಕೇ ಬೆಂಚ್ ಮೇಲೆ ಮಾಡುತ್ತಿದ್ದರು.

ಅವಳು ಸಿಂಕಿನಲ್ಲಿ ಸಣ್ಣಗೆ ನೀರು ಬಿಟ್ಟು ಕೈ ತೊಳೆದಳು. ಟಿಶ್ಯೂನಲ್ಲಿ ಒರೆಸಿಕೊಂಡಳು. ಆಮೇಲೆ ಬೆಂಚ್ ಒರೆಸಲು ಬ್ಲೀಚ್ ಬಾಟಲಿ ಎತ್ತಿಕೊಂಡಳು. ಮೊದಲ ವಾರದಲ್ಲಿ ಬ್ಯಾಕ್ಟೀರಿಯಾ ಕೆಲಸ ಕಲಿಸುವಾಗ, ಏನೇ ಚೆಲ್ಲಿದರೂ ಬ್ಲೀಚ್ ಹಾಕಿ ಒರೆಸು ಅಂತ ಹೇಳಿಕೊಟ್ಟಿದ್ದರು. ಹೇಳಿಕೊಟ್ಟದ್ದನ್ನು ಸರಿಯಾಗಿ ನೆನಪಿಟ್ಟುಕೊಂಡ ಹುಡುಗಿ ಅವಳು. ಆದರೆ ಗ್ವಾನಿಡಿನ್ ಥಯೋಸಯನೇಟ್ ಮೇಲೆ ಬ್ಲೀಚ್ ಬಿದ್ದರೆ ಸಯನೈಡ್‌ನಂಥ ವಿಷಾನಿಲ ಏಳುತ್ತದೆ. ಆ ದಿನ ಬಾಟಲಿ ಖಾಲಿ ಇತ್ತು. ಅವಳು ನೀರಿನಲ್ಲೇ ಒರೆಸಿದಳು.

ಅಕ್ಕ ವಾಪಸ್ ಬಂದಾಗ ಬೆಂಚ್ ಒಣಗಿತ್ತು. "ಎಲ್ಲಾ ಆಯ್ತಾ?" "ಆಯ್ತಕ್ಕ." ಒಂದು ಟ್ಯೂಬ್ ಕಡಿಮೆ ಇದ್ದುದನ್ನು ಅಕ್ಕ ಗಮನಿಸಲಿಲ್ಲ.

ನೋವಾಗಲಿಲ್ಲ, ಹೇಳಲಿಲ್ಲ

ಈ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಮುಂದಿನ ಆರು ಗಂಟೆ. ಅವಳು ಯಾರಿಗೂ ಹೇಳಲಿಲ್ಲ.

ಒಂದು ಕಾರಣ ಫೀನಾಲ್‌ನ ಗುಣದಲ್ಲೇ ಇದೆ. ಫೀನಾಲ್ ಚರ್ಮವನ್ನು ಸುಡುವಾಗಲೇ ಅಲ್ಲಿನ ನರಗಳನ್ನು ಮರಗಟ್ಟಿಸುತ್ತದೆ. ಮೊದಲು ಸ್ವಲ್ಪ ಉರಿ, ಆಮೇಲೆ ಏನೂ ಇಲ್ಲ. ಚರ್ಮ ಬೆಳ್ಳಗಾಗುತ್ತದೆ, ಎಷ್ಟೋ ಹೊತ್ತಾದ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಹೊತ್ತಿಗೆ ಅದು ಒಳಗೆ ಇಳಿದಿರುತ್ತದೆ. ಜಾಸ್ತಿ ಜಾಗಕ್ಕೆ ಬಿದ್ದರೆ ರಕ್ತಕ್ಕೆ ಸೇರಿ ಹೃದಯದ ಬಡಿತ, ಕಿಡ್ನಿ ಎರಡಕ್ಕೂ ತೊಂದರೆ ಮಾಡಬಲ್ಲದು. ಸಣ್ಣ ನೀರಿನಲ್ಲಿ ತೊಳೆದರೆ ಅದು ತೆಳುವಾಗಿ ಇನ್ನಷ್ಟು ಹರಡಿಕೊಳ್ಳುತ್ತದೆ. ಬಟ್ಟೆ ಬಿಚ್ಚಿ, ಧಾರಾಳ ನೀರಿನಲ್ಲಿ ತುಂಬ ಹೊತ್ತು ತೊಳೆಯಬೇಕು, ಇಲ್ಲವೇ ಪಾಲಿಎಥಿಲೀನ್ ಗ್ಲೈಕಾಲ್‌ನಲ್ಲಿ ಒರೆಸಿ ತೆಗೆಯಬೇಕು. ಆ ಬಾಟಲಿ ಆ ಕೋಣೆಯಲ್ಲಿ ಇರಲಿಲ್ಲ.

ನೋವಿಲ್ಲ ಅಂದರೆ ಅಪಾಯವಿಲ್ಲ ಅಂತ ಅಂದುಕೊಳ್ಳುವುದು ಹದಿನಾರು ವರ್ಷದವರಷ್ಟೇ ಅಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕ್ಯಾರೆನ್ ವೆಟರ್‌ಹಾನ್ ಅವರ ಗ್ಲೌಸ್ ಮೇಲೆ 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಮರ್ಕ್ಯುರಿ ಅನ್ನುವ ಪಾದರಸದ ಕಡುವಿಷದ ಕೆಲವೇ ಹನಿ ಬಿದ್ದವು. ಆ ಲೇಟೆಕ್ಸ್ ಗ್ಲೌಸ್ ಅದನ್ನು ತಡೆಯಲಿಲ್ಲ. ತಿಂಗಳುಗಟ್ಟಲೆ ಅವರಿಗೆ ಏನೂ ಅನ್ನಿಸಲಿಲ್ಲ. 1997ರ ಜೂನ್‌ನಲ್ಲಿ ತೀರಿಕೊಂಡರು. ಅವರು ಆ ವಿಷಯದಲ್ಲಿ ಪರಿಣತರು.

ಎರಡನೆಯ ಕಾರಣಕ್ಕೆ ರಸಾಯನಶಾಸ್ತ್ರದ ಸಂಬಂಧ ಇಲ್ಲ. ಯಾಕಮ್ಮ ಹೇಳಲಿಲ್ಲ ಅಂತ ಕೇಳಿದಾಗ ಹುಡುಗಿ ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಅಕ್ಕಂಗೆ ಸರ್ ಬೈತಾರೆ ಅಂತ. ನಾಳೆಯಿಂದ ಬರಬೇಡ ಅಂದುಬಿಟ್ರೆ ಅಂತ." ಸರ್ಟಿಫಿಕೇಟ್ ವಿಷಯವೂ ತಲೆಯಲ್ಲಿತ್ತಂತೆ. ಒಂದು ಟ್ಯೂಬ್ ಹಾಳು ಮಾಡಿದೆ ಅನ್ನುವ ಭಯವೂ ಇತ್ತಂತೆ. ಕೈ ಸುಟ್ಟದ್ದು ಅವಳ ಪಟ್ಟಿಯಲ್ಲಿ ಕೊನೆಗೆ ಬಂತು.

ಇದನ್ನು ಕೇಳಿದ ಮೇಲೆ ನನ್ನ ಯೋಚನೆ ಒಂದು ಕಡೆ ನಿಂತಿತು. ಗ್ಲೌಸ್ ಹಾಕಿಕೋ, ಕೂದಲು ಕಟ್ಟಿಕೋ, ಊಟ ತರಬೇಡ, ಇವೆಲ್ಲ ನಲವತ್ತರವರಿಗೂ ಅದೇ, ಹದಿನಾರರವರಿಗೂ ಅದೇ. ಬುದ್ಧಿಯಲ್ಲಿ ಈ ಹುಡುಗಿ ಯಾರಿಗೂ ಕಡಿಮೆ ಇರಲಿಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ದೊಡ್ಡವರು ಒಂದು ಕೆಲಸ ಹೇಳಿದರೆ ಅವಳಿಗೆ ಆಗಲ್ಲ ಅನ್ನಲು ಬರುವುದಿಲ್ಲ. ಏನಾದರೂ ತಪ್ಪಾದರೆ ಹೇಳಲು ಬಾಯಿ ಬರುವುದಿಲ್ಲ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಮಕ್ಕಳನ್ನು ಹಾಗೇ ಬೆಳೆಸಿದ್ದೇವೆ ಅಲ್ವಾ? ಹೀಗಿರುವಾಗ ಮಕ್ಕಳಿಗಾಗಿ ಮಾಡುವ ನಿಯಮ ದೊಡ್ಡವರನ್ನು ಕಟ್ಟಿಹಾಕಬೇಕು. ಮಗು ಧೈರ್ಯ ಮಾಡಿ ಬೇಡ ಅಂದರೆ ಮಾತ್ರ ಕೆಲಸ ಮಾಡುವ ನಿಯಮದಿಂದ ಏನೂ ಪ್ರಯೋಜನವಿಲ್ಲ.

ರಾತ್ರಿ ಊಟಕ್ಕೆ ಕೂತಾಗ ತಾಯಿ ನೋಡಿದರು. "ಏನೇ ಇದು ಕೈ ಹೀಗೆ ಬೆಳ್ಳಗಾಗಿದೆ?" ಹತ್ತಿರದ ಡಾಕ್ಟರ್ ಹತ್ತಿರ ಓಡಿದರು. ಯಾವ ಕೆಮಿಕಲ್ ಅಂತ ಡಾಕ್ಟರ್ ಕೇಳಿದರು. ಟ್ರೈಜಾಲ್ ಅಂದಳು ಹುಡುಗಿ. ಅದು ಕಂಪನಿ ಇಟ್ಟ ಹೆಸರು, ಅದರಲ್ಲಿ ಫೀನಾಲ್ ಇದೆ ಅಂತ ಅವಳಿಗೂ ಗೊತ್ತಿರಲಿಲ್ಲ. ಲ್ಯಾಬ್‌ನ ಯಾರ ಫೋನ್ ನಂಬರೂ ತಾಯಿಯ ಹತ್ತಿರ ಇರಲಿಲ್ಲ. ಪಕ್ಕದ ಮನೆಯವರ ಮೂಲಕ ಪ್ರೊಫೆಸರ್ ಸಿಕ್ಕಿ, ಅವರಿಂದ ಅಕ್ಕ ಸಿಕ್ಕಿ, ಫೀನಾಲ್ ಅನ್ನುವ ಮಾತು ಡಾಕ್ಟರ್ ಕಿವಿಗೆ ಬೀಳುವ ಹೊತ್ತಿಗೆ ರಾತ್ರಿ ಹತ್ತು ದಾಟಿತ್ತು.

ಕಾನೂನು ಎಲ್ಲಿದೆ, ಎಲ್ಲಿಲ್ಲ

ಸಮಿತಿಯಲ್ಲಿ ಮೊದಲು ಎದ್ದ ಪ್ರಶ್ನೆ: ಇದಕ್ಕೆ ಯಾವ ಕಾನೂನು ಅನ್ವಯ? 1986ರ ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ 14ರಿಂದ 18ರ ಒಳಗಿನವರನ್ನು ಗಣಿ, ಬೇಗ ಹೊತ್ತಿಕೊಳ್ಳುವ ವಸ್ತು, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಸುವಂತಿಲ್ಲ. ಆದರೆ ಆ ಕಾಯ್ದೆ ದುಡಿಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಮ್ಮ ಹುಡುಗಿಗೆ ಸಂಬಳ ಇರಲಿಲ್ಲ. ಅವಳು ವಿದ್ಯಾರ್ಥಿಯೂ ಅಲ್ಲ, ನೌಕರಳೂ ಅಲ್ಲ, ವಿಸಿಟರ್. ವಿಶ್ವವಿದ್ಯಾಲಯದ ವಿದ್ಯಾರ್ಥಿ ವಿಮೆಯೂ ಅವಳಿಗೆ ಸಿಗಲಿಲ್ಲ, ಹೆಸರು ದಾಖಲೆಯಲ್ಲೇ ಇಲ್ಲವಲ್ಲ.

ವಿಕಿರಣದ ವಿಷಯದಲ್ಲಿ ನಮ್ಮ ಕಾನೂನು ತರಬೇತಿಗೆ ಬರುವವರ ವಯಸ್ಸನ್ನೂ ನೇರವಾಗಿ ಹೇಳುತ್ತದೆ. 2004ರ ವಿಕಿರಣ ರಕ್ಷಣಾ ನಿಯಮಗಳ ಪ್ರಕಾರ 18 ತುಂಬದವರನ್ನು ವಿಕಿರಣದ ಕೆಲಸಕ್ಕೆ ನೇಮಿಸುವಂತಿಲ್ಲ, 16 ತುಂಬದವರನ್ನು ತರಬೇತಿಗೂ ತೆಗೆದುಕೊಳ್ಳುವಂತಿಲ್ಲ. ತರಬೇತಿಯಲ್ಲಿರುವ ಹದಿಹರೆಯದವರಿಗೆ ವರ್ಷಕ್ಕೆ 6 ಮಿಲಿಸೀವರ್ಟ್ (ದೇಹಕ್ಕೆ ತಾಕುವ ವಿಕಿರಣದ ಅಳತೆ) ಮಿತಿ. ದೊಡ್ಡವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20. ಬೆಳೆಯುತ್ತಿರುವ ದೇಹ ಬೇರೆ, ಹೊಣೆ ಬೇರೆ ಅಂತ ಅಲ್ಲಿ ಯಾರೋ ಕೂತು ಯೋಚಿಸಿದ್ದಾರೆ. ಪಕ್ಕದ ಕೋಣೆಯ ಫೀನಾಲ್‌ಗೆ ಅಂಥ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು.

ಎಳೆದವರು ಇದ್ದಾರೆ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ 18ರ ಒಳಗಿನವರಿಗೆ ಪ್ರತ್ಯೇಕ ನಿಯಮಪುಸ್ತಕವೇ ಇದೆ. ಶಾಲಾ ಮಕ್ಕಳ ದೊಡ್ಡ ವಿಜ್ಞಾನ ಮೇಳವಾದ ರೀಜೆನೆರಾನ್ ಐಸೆಫ್‌ಗೆ ನಮ್ಮ ದೇಶದಿಂದಲೂ ಪ್ರತಿ ವರ್ಷ ಮಕ್ಕಳು ಹೋಗುತ್ತಾರೆ. ಅಪಾಯಕಾರಿ ರಾಸಾಯನಿಕ ಬಳಸುವ ಪ್ರಾಜೆಕ್ಟ್ ಆದರೆ ಅಲ್ಲಿ ಅಪಾಯಗಳನ್ನು ಮೊದಲೇ ಬರೆದು, ಹೊಣೆ ಹೊತ್ತ ದೊಡ್ಡವರ ಸಹಿ ಮಾಡಿಸಬೇಕು. ಅತಿ ಅಪಾಯದ ರೋಗಾಣುಗಳ ಲ್ಯಾಬ್‌ಗಳಲ್ಲಿ, ಅಂದರೆ ಮೂರು ಮತ್ತು ನಾಲ್ಕನೆಯ ಜೈವಿಕ ಸುರಕ್ಷತಾ ಹಂತದಲ್ಲಿ, ಮಕ್ಕಳ ಪ್ರಾಜೆಕ್ಟ್‌ಗೆ ಅವಕಾಶವೇ ಇಲ್ಲ.

ಸಮಿತಿಯ ಹಿರಿಯರೊಬ್ಬರು "ಇಷ್ಟು ಚಿಕ್ಕದಕ್ಕೆ ಇಷ್ಟೆಲ್ಲ ಯಾಕೆ?" ಅಂದರು. ಆಗ ನಾನು ಲಾಸ್ ಏಂಜಲೀಸ್‌ನ ಶೆರಿ ಸಾಂಗ್ಜಿ ಪ್ರಕರಣ ನೆನಪಿಸಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ 2008ರ ಡಿಸೆಂಬರ್ 29ರಂದು ಆಕೆ, ಗಾಳಿ ತಾಕಿದರೆ ಹೊತ್ತಿಕೊಳ್ಳುವ ದ್ರವವನ್ನು ಸಿರಿಂಜ್‌ಗೆ ಎಳೆಯುತ್ತಿದ್ದರು. ಸಿರಿಂಜ್ ಬಿಚ್ಚಿಕೊಂಡಿತು. ಲ್ಯಾಬ್ ಕೋಟ್ ಇರಲಿಲ್ಲ, ಮೈಮೇಲಿನ ಸ್ವೆಟರ್ ಹೊತ್ತಿಕೊಂಡಿತು. 18 ದಿನ ಆದ ಮೇಲೆ ತೀರಿಕೊಂಡರು. 23 ವರ್ಷ. ಅಷ್ಟು ದೂರ ಯಾಕೆ, ನಮ್ಮ ಊರಿನ ಐಐಎಸ್‌ಸಿಯಲ್ಲೇ 2018ರ ಡಿಸೆಂಬರ್ 5ರಂದು ಲ್ಯಾಬ್‌ನಲ್ಲಿ ಸ್ಫೋಟವಾಗಿ ಯುವ ಎಂಜಿನಿಯರ್ ಒಬ್ಬರು ತೀರಿಕೊಂಡರು, ಮೂವರಿಗೆ ಗಾಯವಾಯಿತು. ಇವರೆಲ್ಲ ಓದಿ ಬಂದ ದೊಡ್ಡವರು. ಹದಿನಾರರ ಹುಡುಗಿಯನ್ನು ಒಬ್ಬಳೇ ಬಿಟ್ಟು ಹೋದ ಕೋಣೆಯಲ್ಲಿ ಕೆಲಸ ಇನ್ನೊಂದು ಬಗೆಯದಾಗಿದ್ದರೆ?

ಅಕ್ಕನ ಮೇಲೆ ಬಿದ್ದ ತಪ್ಪು

ಮೊದಲ ವರದಿಯ ಕರಡಿನಲ್ಲಿ ಪೂರ್ತಿ ತಪ್ಪು ಪಿಎಚ್‌ಡಿ ವಿದ್ಯಾರ್ಥಿನಿಯದು ಅಂತ ಬರೆದಿತ್ತು. ಅವಳು ಬಿಟ್ಟು ಹೋದಳು, ನಿಜ. ಅದನ್ನು ಅವಳೂ ಅಲ್ಲಗಳೆಯಲಿಲ್ಲ. ಆದರೆ ಅವಳಿಗೆ ಆ ಹುಡುಗಿಯ ಜವಾಬ್ದಾರಿ ಕೊಟ್ಟದ್ದು ಒಂದೇ ವಾಕ್ಯದಲ್ಲಿ: "ಈ ಮಗುವನ್ನ ಸ್ವಲ್ಪ ನೋಡ್ಕೋಮ್ಮ." ಅದೇ ಹೊತ್ತಿಗೆ ಇನ್ನೂ ಕೆಲವು ಎಂಎಸ್ಸಿ ವಿದ್ಯಾರ್ಥಿಗಳು ಅವಳ ಹತ್ತಿರವೇ ಕಲಿಯುತ್ತಿದ್ದರು. ತನ್ನದೇ ಥೀಸಿಸ್‌ನ ಗಡುವು ತಲೆಯ ಮೇಲಿತ್ತು. ಮಕ್ಕಳ ಜೊತೆ ಕೆಲಸ ಮಾಡುವುದು ಹೇಗೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಗಲ್ಲ ಸರ್ ಅಂತ ಅವಳು ಹೇಳಬಹುದಿತ್ತೇ? ಹುಡುಗಿ ಅಕ್ಕನಿಗೆ ಆಗಲ್ಲ ಅನ್ನಲಾರಳು, ಅಕ್ಕ ಸರ್‌ಗೆ ಆಗಲ್ಲ ಅನ್ನಲಾರಳು. ಎರಡೂ ಒಂದೇ ಕಾಯಿಲೆ. ನಾನೂ ಇನ್ನೊಬ್ಬರು ಮೇಡಂ ಕೂಡ ಆ ಕರಡಿಗೆ ಸಹಿ ಹಾಕಲಿಲ್ಲ. ಕೊನೆಗೆ ವರದಿಯಲ್ಲಿ ಹೊಣೆ ಪ್ರೊಫೆಸರ್ ಮತ್ತು ವಿಭಾಗದ ಮೇಲೆ ಬಂತು. ಪ್ರೊಫೆಸರ್ ಅದನ್ನು ಒಪ್ಪಿಕೊಂಡರು. ಹುಡುಗಿಯ ಮನೆಗೆ ಹೋಗಿ ತಾಯಿಯ ಹತ್ತಿರ ಮಾತಾಡಿ ಬಂದರು.

ಬದಲಾದದ್ದು

ಹೊಸ ನಿಯಮಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದನ್ನು ಕನ್ನಡದಲ್ಲೇ ಗೋಡೆಗೆ ಅಂಟಿಸಿದ್ದೇವೆ: ಜೊತೆಗಿರುವ ದೊಡ್ಡವರು ಎದ್ದರೆ ನೀನೂ ಏಳು. ಮೇಲ್ವಿಚಾರಕರು ಕೋಣೆ ಬಿಟ್ಟು ಹೊರಟರೆ ಮಗು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಜೊತೆಗೇ ಹೊರಬರಬೇಕು. ಮೆಸ್‌ಗಾದರೆ ಮೆಸ್‌ಗೆ, ಟೀಗಾದರೆ ಟೀಗೆ. ಆಗ ಮಗುವಿಗೆ ಯಾರಿಗೂ ಇಲ್ಲ ಅನ್ನುವ ಕಷ್ಟ ಇರುವುದಿಲ್ಲ. ಮೇಲ್ವಿಚಾರಕರ ಹೆಸರು ಕಾಗದದಲ್ಲಿರಬೇಕು, ಅದು ಅಧ್ಯಾಪಕರು ಅಥವಾ ಖಾಯಂ ತಾಂತ್ರಿಕ ಸಿಬ್ಬಂದಿಯ ಹೆಸರಾಗಿರಬೇಕು. ಪಿಎಚ್‌ಡಿಯವರು ಕಲಿಸಬಹುದು, ಹೊಣೆ ಅವರದಲ್ಲ. ಒಂದು ಮಗು, ಒಬ್ಬ ದೊಡ್ಡವರು, ಮುಚ್ಚಿದ ಬಾಗಿಲು, ಇದೂ ಆಗಕೂಡದು. 2012ರ ಪೋಕ್ಸೋ ಕಾಯ್ದೆ ಇರುವ ದೇಶದಲ್ಲಿ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಯಾವುದನ್ನು ಮುಟ್ಟುವಂತಿಲ್ಲ ಅನ್ನುವುದರ ಬಗ್ಗೆ ಜೋರು ವಾದ ನಡೆಯಿತು. ಫೀನಾಲ್, ಕ್ಲೋರೋಫಾರ್ಮ್, ಗಟ್ಟಿ ಆಮ್ಲಗಳು, ಹೈಡ್ರೋಫ್ಲೋರಿಕ್ ಆಮ್ಲ, ಡಿಎನ್‌ಎ ಕಾಣಲು ಜೆಲ್‌ಗೆ ಹಾಕುವ ಎಥಿಡಿಯಂ ಬ್ರೋಮೈಡ್ ಬಣ್ಣ, ಮನುಷ್ಯರ ರಕ್ತ, ವಿಕಿರಣ, ಶಕ್ತಿಶಾಲಿ ಲೇಸರ್, ಇವಕ್ಕೆ ಎಲ್ಲರೂ ಒಪ್ಪಿದರು. ದ್ರವ ಸಾರಜನಕ ಬಗ್ಗಿಸುವುದಕ್ಕೆ ತಕರಾರು ಬಂತು. ಮೈನಸ್ 196 ಡಿಗ್ರಿಯ ಆ ದ್ರವ ಆವಿಯಾದರೆ ಸುಮಾರು 700 ಪಟ್ಟು ಜಾಗ ತುಂಬುತ್ತದೆ, ಚಿಕ್ಕ ಕೋಣೆಯಲ್ಲಿ ಉಸಿರಾಡುವ ಗಾಳಿಯನ್ನೇ ಹೊರದೂಡುತ್ತದೆ. ಅದೂ ಪಟ್ಟಿಗೆ ಸೇರಿತು. "ಹಾಗಾದರೆ ಮಕ್ಕಳು ಕಲಿಯೋದಾದರೂ ಏನು?" ಅಂತ ಪ್ರೊಫೆಸರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಆರ್‌ಎನ್‌ಎ ಹೊರಬರುವ ತನಕ ಅಕ್ಕ ಮಾಡಲಿ, ಮಗು ನಿಂತು ನೋಡಲಿ. ಅಲ್ಲಿಂದ ಮುಂದಿನ ಪಿಸಿಆರ್ (ಜೀನ್‌ನ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಕೆಲಸ), ಕಡಿಮೆ ಅಪಾಯದ ಬಣ್ಣ ಹಾಕಿ ಜೆಲ್ ನೋಡುವುದು, ಅಂಕಿಅಂಶ ಲೆಕ್ಕ ಹಾಕುವುದು, ಇವೆಲ್ಲ ಮಗುವಿನ ಕೈಗೆ. ರಾಗಿಯ ಪ್ರಶ್ನೆಗೆ ಉತ್ತರ ಸಿಗುವುದೂ ಆ ಕೊನೆಯ ಭಾಗದಲ್ಲೇ. ಟ್ಯೂಬ್ ಅಲ್ಲಾಡಿಸುವುದರಲ್ಲಿ ಕಲಿಯುವಂಥದ್ದು ತುಂಬ ಏನಿಲ್ಲ.

ಚಿಕ್ಕ ಅಳತೆಯ ಕೋಟ್, ಗ್ಲೌಸ್, ರಕ್ಷಣಾ ಕನ್ನಡಕ ಬಂದಿವೆ. ಹುಡ್ ಖಾಲಿಯಾಗಿದೆ. ಮಗುವಿನ ಜೇಬಿನಲ್ಲಿ ಒಂದು ಚೀಟಿ ಇರುತ್ತದೆ: ಇವತ್ತು ಬಳಸಿದ ರಾಸಾಯನಿಕದ ನಿಜವಾದ ಹೆಸರು, ಎರಡು ಫೋನ್ ನಂಬರ್. ಪೋಷಕರ ಕಾಗದ ಈಗ ಕನ್ನಡದಲ್ಲಿದೆ, ಕೋಣೆಯಲ್ಲಿ ಏನೇನಿದೆ ಅಂತ ಹೇಳುತ್ತದೆ. ಹೊಣೆ ನಮ್ಮದಲ್ಲ ಅನ್ನುವ ಸಾಲನ್ನು ತೆಗೆದಿದ್ದೇವೆ. ಸರ್ಟಿಫಿಕೇಟ್ ಬಗ್ಗೆ ಮೊದಲ ದಿನವೇ ಬರೆದು ಕೊಡುತ್ತೇವೆ: ಏನು ಚೆಲ್ಲಿದರೂ, ಏನು ಒಡೆದರೂ ಇದು ನಿನಗೆ ಸಿಗುತ್ತದೆ. ವಾರಕ್ಕೊಮ್ಮೆ ಬೇರೆ ಲ್ಯಾಬ್‌ನ ಒಬ್ಬರು ಮಕ್ಕಳ ಜೊತೆ ಕೂತು, ಈ ವಾರ ಏನಾದರೂ ಚೆಲ್ಲಿತಾ, ಯಾವುದಕ್ಕಾದರೂ ಹೆದರಿಕೆ ಆಯಿತಾ ಅಂತ ಕೇಳುತ್ತಾರೆ. ಆ ಕೆಲಸವನ್ನು ನಾನು ಕೇಳಿ ತೆಗೆದುಕೊಂಡಿದ್ದೇನೆ. ಮೊದಮೊದಲು ಮಕ್ಕಳು ಏನೂ ಇಲ್ಲ ಅನ್ನುತ್ತಾರೆ. ಸ್ವಲ್ಪ ಹೊತ್ತು ಕಾದರೆ ಮಾತು ಬರುತ್ತದೆ.

ಇಬ್ಬರು ಅಧ್ಯಾಪಕರು ಈ ತಲೆನೋವೇ ಬೇಡ ಅಂತ ಶಾಲಾ ಮಕ್ಕಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಾಗಿಲು ಮುಚ್ಚಿದರೆ ಪರಿಚಯ ಇರುವವರ ಮಕ್ಕಳು ಹಿಂಬಾಗಿಲಿನಿಂದ ಹೇಗೋ ಬರುತ್ತಾರೆ, ಮತ್ತೆ ದಾಖಲೆ ಇಲ್ಲದೆ. ಪರಿಚಯ ಇಲ್ಲದ ಮಕ್ಕಳು ಬರುವುದೇ ಇಲ್ಲ. ಬಹಿರಂಗ ಅರ್ಜಿ, ಹೆಸರು ನೋಂದಣಿ, ಗುರುತಿನ ಚೀಟಿ ಇದ್ದರೆ ಇಬ್ಬರಿಗೂ ಒಳ್ಳೆಯದು.

ವಿಮೆ ಮಾತ್ರ ಇನ್ನೂ ಬಗೆಹರಿದಿಲ್ಲ. ಬೇಸಿಗೆಗೆ ಬರುವ 18ರ ಒಳಗಿನವರನ್ನೂ ವಿದ್ಯಾರ್ಥಿ ವಿಮೆಗೆ ಸೇರಿಸಿ ಅಂತ ಕಳಿಸಿದ ಫೈಲ್ ಹಣಕಾಸು ವಿಭಾಗದಲ್ಲಿದೆ. ಅದು ಸಹಿಯಾಗಿ ಬರುವವರೆಗೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಅಂತ ವಿಭಾಗ ತೀರ್ಮಾನಿಸಿದೆ. ಆ ಹುಡುಗಿಗೆ ಮಾತ್ರ ಪ್ರೊಫೆಸರ್ ತಮ್ಮ ಕೈಯಿಂದಲೇ ವಿಮೆ ಮಾಡಿಸಿದರು. ದಸರಾ ರಜೆಯಲ್ಲಿ ಅವಳು ಬಂದು ಪಿಸಿಆರ್ ಮುಗಿಸಿಕೊಂಡು ಹೋದಳು.